‘ಫೆರ್ಬಿಂಟ್ಲಿಷ್’: ಒಂದು ಜರ್ಮನ್ ಗುಣವಾಚಕ ಮತ್ತು ಒಂದು ಸೇವಾ ಪ್ರಮಾಣಪತ್ರ

ಪ್ರಶ್ನೆ: ನಾನು ಮೈಸೂರಿನಲ್ಲಿದ್ದುಕೊಂಡು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿಕೊಡುತ್ತೇನೆ. ಜರ್ಮನ್‌ನಲ್ಲಿ ಬಿ2 ಹಂತ ಮುಗಿಸಿದ್ದೇನೆ. ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ದುಡಿದು, ಈಗ ಕೆನಡಾದಲ್ಲಿ ಕೆಲಸ ಹುಡುಕುತ್ತಿರುವ ಎಂಜಿನಿಯರ್ ಒಬ್ಬರ ಸೇವಾ ಪ್ರಮಾಣಪತ್ರ ನನ್ನ ಬಳಿ ಬಂದಿದೆ. ಅದರಲ್ಲಿ, ಮೇಲಧಿಕಾರಿಗಳು, ಸಹೋದ್ಯೋಗಿಗಳು ಮತ್ತು ಗ್ರಾಹಕರೊಂದಿಗೆ ಅವರ ನಡವಳಿಕೆ ಸದಾ ನಿರ್ದೋಷವಾಗಿತ್ತು ಎಂದು ಬರೆದ ಮೇಲೆ, ‘ವೀರ್ ಶೆಟ್ಸ್‌ಟೆನ್ ಜೈನೆ ರೂಇಗೆ, ಫೆರ್ಬಿಂಟ್ಲಿಷೆ ಆರ್ಟ್’ ಎಂಬ ವಾಕ್ಯವಿದೆ. ‘ಅವರ ಶಾಂತ, ಫೆರ್ಬಿಂಟ್ಲಿಷ್ ರೀತಿ ನಮಗೆ ಮೆಚ್ಚುಗೆಯಾಗಿತ್ತು’ ಎನ್ನುವಲ್ಲಿಗೆ ನಾನು ನಿಂತುಬಿಟ್ಟೆ. ನಿಘಂಟಿನಲ್ಲಿ ಮೊದಲು ಕಂಡ ಅರ್ಥ ‘ಬೈಂಡಿಂಗ್’; ಅದು ಹೊಂದುವುದಿಲ್ಲ. ಯಂತ್ರಾನುವಾದ ‘ಕಮಿಟೆಡ್’ ಎಂದಿತು. ಆ ಎಂಜಿನಿಯರ್‌ಗೂ ಅದೇ ಇಷ್ಟವಾಯಿತು. ಆದರೆ ಜರ್ಮನಿಯಲ್ಲಿರುವ ಅವರ ಸ್ನೇಹಿತರೊಬ್ಬರು, ‘ಇದು ಸಂಕೇತ ಭಾಷೆ, ಯಾರಿಗೂ ಇಲ್ಲ ಎನ್ನಲಾರದ ಮೆದು ಮನುಷ್ಯ ಎಂಬುದನ್ನು ಹೀಗೆ ಬರೆಯುತ್ತಾರೆ’ ಎಂದು ಹೇಳಿ ನಮ್ಮಿಬ್ಬರನ್ನೂ ಗಾಬರಿಗೊಳಿಸಿದ್ದಾರೆ. ಯಾವ ಪದ ಬಳಸಲಿ? ತಪ್ಪಾದರೆ ಅವರ ಅರ್ಜಿಗೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಈ ಪದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂಬುದು ಒಂದು. ಪ್ರಮಾಣಪತ್ರ ಕೊಟ್ಟವರು ಹೊಗಳಿದಂತೆ ಮಾಡಿ ತೆಗಳಿದ್ದಾರೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸಿಬಿಡೋಣ: ಇಲ್ಲ, ತೆಗಳಿಲ್ಲ. ವ್ಯಕ್ತಿಯ ರೀತಿನೀತಿಯನ್ನು ಹೇಳುವಾಗ ‘ಫೆರ್ಬಿಂಟ್ಲಿಷ್’ ಎಂಬುದು ಜರ್ಮನ್‌ನಲ್ಲಿ ಮೆಚ್ಚುಗೆಯ ಮಾತೇ.

ಸ್ನೇಹಿತರ ಅನುಮಾನ ಬುಡವಿಲ್ಲದ್ದೇನೂ ಅಲ್ಲ. ‘ಆರ್ಬೈಟ್ಸ್‌ತ್ಸೊಯ್ಗ್ನಿಸ್’ ಎಂದು ಕರೆಯುವ ಈ ಪ್ರಮಾಣಪತ್ರಗಳಲ್ಲಿ ಒಂದು ಬಗೆಯ ಏಣಿ ಇದೆ. ಕೆಲಸ ‘ಸದಾ ನಮ್ಮ ಸಂಪೂರ್ಣಾತಿಸಂಪೂರ್ಣ ತೃಪ್ತಿಗೆ’ ನಡೆಯಿತು ಎಂದರೆ ಅತ್ಯುತ್ತಮ. ‘ಸದಾ ಸಂಪೂರ್ಣ ತೃಪ್ತಿಗೆ’ ಎಂದರೆ ಉತ್ತಮ. ‘ಸದಾ’ ಬಿಟ್ಟುಹೋಗಿ ಬರಿಯ ‘ಸಂಪೂರ್ಣ ತೃಪ್ತಿಗೆ’ ಉಳಿದರೆ ಸಾಧಾರಣ. ‘ಅವರು ಪ್ರಯತ್ನಪಟ್ಟರು’ ಎಂದಿದ್ದರೆ ಆ ಕಾಗದವನ್ನು ಯಾರಿಗೂ ತೋರಿಸದಿರುವುದೇ ಲೇಸು. ಎರ್‌ಫುರ್ಟ್‌ನಲ್ಲಿರುವ ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯವೇ 2014ರಲ್ಲಿ, ‘ಸಂಪೂರ್ಣ ತೃಪ್ತಿ’ ಎಂದರೆ ಮಧ್ಯಮ ದರ್ಜೆ, ಅದಕ್ಕಿಂತ ಮೇಲಿನದು ಬೇಕೆನ್ನುವ ನೌಕರ ತನ್ನ ಅರ್ಹತೆಯನ್ನು ತಾನೇ ಸಾಬೀತುಪಡಿಸಬೇಕು ಎಂದು ತೀರ್ಪಿತ್ತಿತು. ಇಷ್ಟೊಂದು ಲೆಕ್ಕಾಚಾರವಿರುವ ಬರವಣಿಗೆಯಲ್ಲಿ ಪ್ರತಿಯೊಂದು ಪದದ ಹಿಂದೆಯೂ ಏನೋ ಅಡಗಿದೆ ಎಂದು ಜನ ಭಾವಿಸುವುದು ಸಹಜ. ‘ಗೆಜೆಲಿಷ್’, ಅಂದರೆ ಜನರೊಂದಿಗೆ ಬೆರೆಯುವವರು ಎಂದು ಬರೆದರೆ ಕುಡಿತದ ಚಟವಿದೆ ಎಂದರ್ಥ ಎನ್ನುವಂಥ ಮಾತುಗಳನ್ನು ಜರ್ಮನ್ನರೇ ಪರಸ್ಪರ ಹೇಳಿಕೊಂಡು ನಗುತ್ತಾರೆ.

ಆದರೆ ಏಣಿ ಬೇರೆ, ಗುಪ್ತ ಸಂಕೇತ ಬೇರೆ. ಜರ್ಮನಿಯ ‘ಗೆವೆರ್ಬೆಓರ್ಡ್ನುಂಗ್’, ಅಂದರೆ ಉದ್ಯಮ ನಿಯಂತ್ರಣ ಕಾಯ್ದೆಯ 109ನೇ ಕಲಮು, ಪ್ರಮಾಣಪತ್ರವು ಸ್ಪಷ್ಟವಾಗಿರಬೇಕು, ಮೇಲ್ನೋಟದ ಮಾತಿಗಿಂತ ಬೇರೆಯದನ್ನು ಸೂಚಿಸುವ ಉದ್ದೇಶದ ಪದಪ್ರಯೋಗ ಅದರಲ್ಲಿ ಇರಕೂಡದು ಎಂದು ನೇರವಾಗಿ ನಿಷೇಧಿಸುತ್ತದೆ. ಏಣಿಯ ಮೆಟ್ಟಿಲುಗಳಾದರೋ ಎಲ್ಲರಿಗೂ ಗೊತ್ತಿರುವಂಥವು. ನೀವು ಕಳುಹಿಸಿದ ವಾಕ್ಯಗಳನ್ನೇ ನೋಡಿ: ‘ಶ್ಟೇಟ್ಸ್’, ಅಂದರೆ ‘ಸದಾ’, ಇದೆ, ಮೇಲಧಿಕಾರಿಗಳ ಹೆಸರು ಸಹೋದ್ಯೋಗಿಗಳಿಗಿಂತ ಮೊದಲು ಬಂದಿದೆ. ಈ ಕ್ರಮ ತಿರುಗುಮುರುಗಾಗಿದ್ದಿದ್ದರೆ, ಮೇಲಿನವರೊಡನೆ ಅಷ್ಟಾಗಿ ಸರಿಹೋಗಲಿಲ್ಲ ಎಂದು ಓದುವವರಿದ್ದಾರೆ. ನಿಮ್ಮಲ್ಲಿ ಅದೂ ಆಗಿಲ್ಲ. ಅಲ್ಲಿಗೆ ಆ ವಿಷಯ ಮುಗಿಯಿತು.

ಇನ್ನು ಪದಕ್ಕೆ ಬರೋಣ. ‘ಫೆರ್ಬಿಂಟ್ಲಿಷ್’ನ ಒಡಲಲ್ಲಿರುವುದು ‘ಬಿಂಡನ್’ ಎಂಬ ಕ್ರಿಯಾಪದ. ಕಟ್ಟು ಎಂದು ಅರ್ಥ. ಇಂಗ್ಲಿಷಿನ ‘ಬೈಂಡ್’ ಅದರ ಸೋದರ; ಸಂಸ್ಕೃತದ ‘ಬಂಧ್’ ಧಾತುವೂ ಅದೇ ಮನೆತನದ್ದು. ಹೀಗಾಗಿ ಈ ಪದದ ಎರಡು ಮುಖಗಳನ್ನು ಅರಿಯಲು ಇಂಗ್ಲಿಷ್ ಓದುಗನಿಗಿಂತ ಕನ್ನಡದ ಓದುಗನಿಗೆ ಸುಲಭ. ‘ನಿರ್ಬಂಧ’ವೂ ‘ಬಂಧನ’ವೂ ನಮಗೆ ಆ ಧಾತುವಿನಿಂದಲೇ ಬಂದಿವೆ, ‘ಬಂಧು’ವೂ ‘ಸಂಬಂಧ’ವೂ ಅಲ್ಲಿಂದಲೇ ಬಂದಿವೆ. ಕಟ್ಟಿಹಾಕುವ ಹಗ್ಗ, ಕೂಡಿಸುವ ನಂಟು ಎರಡನ್ನೂ ಒಂದೇ ಬೇರು ಹೊತ್ತಿದೆ. ಜರ್ಮನ್ ಈ ಎರಡನ್ನೂ ಒಂದೇ ಗುಣವಾಚಕದಲ್ಲಿ ಇಟ್ಟುಕೊಂಡಿದೆ ಎಂಬುದಷ್ಟೇ ತೊಡಕಿನ ಮೂಲ. ಒಪ್ಪಂದ, ದಿನಾಂಕ, ಭರವಸೆ, ಬೆಲೆಯ ಕೊಡುಗೆ ಇವುಗಳ ಹಿಂದೆ ಬಂದಾಗ ಅದು ‘ತಪ್ಪಿಸಿಕೊಳ್ಳಲು ಬಾರದ’ ಎಂಬ ಅರ್ಥ ಕೊಡುತ್ತದೆ. ಮುಗುಳ್ನಗೆ, ಮಾತಿನ ಧಾಟಿ, ಸ್ವಭಾವ, ರೀತಿ ಇವುಗಳ ಹಿಂದೆ ಬಂದಾಗ ಎದುರಿನವರನ್ನು ಮುಂದೆ ಬಂದು ಇದಿರ್ಗೊಳ್ಳುವ, ಅವರಿಗೆ ಮುಖ ಕೊಟ್ಟು ಮಾತನಾಡುವ, ತಮ್ಮನ್ನು ಗಣನೆಗೆ ತೆಗೆದುಕೊಂಡರು ಎಂದು ಅವರಿಗೆ ಅನ್ನಿಸುವಂಥ ಸೌಜನ್ಯ ಎಂದಾಗುತ್ತದೆ. ಈ ಗುಣವನ್ನು ವಿವರಿಸಲು ಜರ್ಮನ್ನರು ‘ಎಂಟ್‌ಗೇಗನ್‌ಕೊಮೆನ್’ ಎಂಬ ಪದವನ್ನು ತರುತ್ತಾರೆ. ಅದರ ಅಕ್ಷರಶಃ ಅರ್ಥವೂ ‘ಇದಿರಾಗಿ ಬರುವುದು’ ಎಂದೇ.

ಅದೇ ‘ಬಿಂಡನ್’ನಿಂದಾದ ‘ಫೆರ್ಬಿಂಡನ್’ ಎಂಬ ಕ್ರಿಯಾಪದದ ಹರಹು ಎಷ್ಟೆಂಬುದಕ್ಕೆ ಒಂದು ವಾಕ್ಯ ಸಾಕು. ‘ಇಷ್ ಫೆರ್ಬಿಂಡೆ ಜೀ’ ಎಂದು ಕಚೇರಿಯ ದೂರವಾಣಿಯಲ್ಲಿ ಕೇಳಿಬಂದರೆ ‘ನಿಮ್ಮ ಕರೆಯನ್ನು ಸಂಬಂಧಪಟ್ಟವರಿಗೆ ಜೋಡಿಸುತ್ತೇನೆ’ ಎಂದರ್ಥ. ಅದೇ ವಾಕ್ಯವನ್ನು ಆಸ್ಪತ್ರೆಯ ದಾದಿ ಹೇಳಿದರೆ ‘ನಿಮ್ಮ ಗಾಯಕ್ಕೆ ಪಟ್ಟಿ ಕಟ್ಟುತ್ತೇನೆ’ ಎಂದರ್ಥ. ಒಂದಕ್ಷರ ವ್ಯತ್ಯಾಸವಿಲ್ಲ. ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದೇ ಅರ್ಥವನ್ನು ತೀರ್ಮಾನಿಸುತ್ತದೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಮುಖಭಂಗದಿಂದ. ಅನುವಾದಕ್ಕೆ ಕೈಹಾಕಿದ ಹೊಸದರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದಕ್ಕೆ ಜರ್ಮನಿಯಿಂದ ಬಂದ ಪತ್ರವನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟಿದ್ದೆ. ಅದರ ಮೊದಲ ಸಾಲಿನಲ್ಲಿ, ನೀವು ಕಳುಹಿಸಿದ ‘ಉನ್‌ಫೆರ್ಬಿಂಟ್ಲಿಷ್’ ಬೆಲೆಪಟ್ಟಿಗೆ ನಮ್ಮ ‘ಫೆರ್ಬಿಂಟ್ಲಿಷ್‌ಸ್ಟೆನ್’ ಧನ್ಯವಾದಗಳು ಎಂದಿತ್ತು. ನಾನು ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ನಮ್ಮನ್ನು ಕಟ್ಟಿಹಾಕದ ಬೆಲೆಪಟ್ಟಿಗೆ ನಮ್ಮನ್ನು ಕಟ್ಟಿಹಾಕುವ ಧನ್ಯವಾದಗಳು ಎನ್ನುವಂತೆ ಬರೆದೆ. ಕಾರ್ಖಾನೆಯ ಮಾಲೀಕರು ಅದನ್ನು ಓದಿ, ‘ಹಾಗಾದರೆ ಆರ್ಡರ್ ಬಂದ ಹಾಗೆಯೇ ಲೆಕ್ಕವೇ, ಸಾಮಾನು ತರಿಸಲೇ?’ ಎಂದು ಕೇಳಿದರು. ಬಂದಿದ್ದದ್ದು ಬರಿಯ ಹಳೆಯ ಕಾಲದ ಶಿಷ್ಟಾಚಾರ: ಬೆಲೆಪಟ್ಟಿಗೆ ಯಾರೂ ಬದ್ಧರಲ್ಲ, ಕಳುಹಿಸಿದ್ದಕ್ಕೆ ತುಂಬ ಉಪಕಾರವಾಯಿತು, ಅಷ್ಟೇ. ಇಂಗ್ಲಿಷಿನ ‘ಮಚ್ ಒಬ್ಲೈಜ್ಡ್’ ಕೂಡ ಇಂಥದೇ ಬಳಕೆ. ಅದರ ಮೂಲದಲ್ಲಿರುವ ಲ್ಯಾಟಿನ್ ‘ಲಿಗಾರೆ’ಯ ಅರ್ಥವೂ ಕಟ್ಟುವುದು ಎಂದೇ. ನಾವು ‘ಋಣಿಯಾಗಿದ್ದೇನೆ’ ಎನ್ನುವಾಗ ಯಾರೂ ಸಾಲದ ಪತ್ರ ಬರೆದುಕೊಡುವುದಿಲ್ಲವಷ್ಟೆ.

ಈಗ ನಿಮ್ಮ ಮುಂದಿರುವ ‘ಕಮಿಟೆಡ್’ ಏಕೆ ಸರಿಯಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ‘ಬೈಂಡಿಂಗ್’ ಎಂಬ ತಪ್ಪು ಓದಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ, ‘ಕಮಿಟೆಡ್’ ಎಂಬ ತಪ್ಪು ಹಾಗಲ್ಲ. ಅದು ಚೆನ್ನಾಗಿ ಕೇಳಿಸುತ್ತದೆ, ಗ್ರಾಹಕರಿಗೆ ಹಿತವಾಗುತ್ತದೆ, ಹಾಗಾಗಿಯೇ ದಾಟಿಹೋಗುತ್ತದೆ. ಜರ್ಮನ್ ಪ್ರಮಾಣಪತ್ರದಲ್ಲಿ ಎರಡು ವಿಭಾಗಗಳಿರುತ್ತವೆ: ‘ಲೈಸ್ಟುಂಗ್’, ಅಂದರೆ ಕೆಲಸದ ಸಾಧನೆ, ‘ಫೆರ್‌ಹಾಲ್ಟನ್’, ಅಂದರೆ ಜನರೊಂದಿಗಿನ ನಡವಳಿಕೆ. ಕಾನೂನು ಕೂಡ ಈ ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಕೆಲಸದಲ್ಲಿ ತೊಡಗಿಕೊಂಡವರನ್ನು ಹೊಗಳಲು ಜರ್ಮನ್‌ನಲ್ಲಿ ‘ಆಂಗಾಜೀರ್ಟ್’ ಎಂಬ ಪದ ಸಿದ್ಧವಾಗಿಯೇ ಇದೆ, ಅದರ ಜಾಗ ಮೊದಲ ವಿಭಾಗ. ನಿಮ್ಮ ವಾಕ್ಯ ಇರುವುದು ಎರಡನೆಯದರಲ್ಲಿ. ಅಲ್ಲಿ ‘ಕಮಿಟೆಡ್’ ಎಂದು ಬರೆದರೆ, ಜನರೊಂದಿಗೆ ಹೇಗಿದ್ದರು ಎಂಬ ಪ್ರಶ್ನೆಗೆ ಕೆಲಸ ಹೇಗೆ ಮಾಡಿದರು ಎಂದು ಉತ್ತರಿಸಿದಂತಾಗುತ್ತದೆ. ಎರಡೂ ಭಾಷೆ ಬಲ್ಲ ನೇಮಕಾತಿ ಅಧಿಕಾರಿ ಮೂಲವನ್ನು ಪಕ್ಕಕ್ಕಿಟ್ಟು ಓದಿದರೆ, ಅನುವಾದಕರು ಅರ್ಜಿದಾರರಿಗಾಗಿ ಒಂದು ಕೈ ಹೆಚ್ಚು ಬಡಿಸಿದ್ದಾರೆ ಎಂದುಕೊಳ್ಳುತ್ತಾರೆ. ಆ ಅನುಮಾನ ಒಂದು ವಾಕ್ಯಕ್ಕೆ ನಿಲ್ಲುವುದಿಲ್ಲ.

ಯಂತ್ರಾನುವಾದವನ್ನು ಪೂರ್ತಿ ದೂರುವಂತೆಯೂ ಇಲ್ಲ. ಇತ್ತೀಚಿನ ಜರ್ಮನ್‌ನಲ್ಲಿ ಈ ಪದಕ್ಕೆ ಮೂರನೆಯ ಅರ್ಥವೊಂದು ಬಲವಾಗಿದೆ. ಹೇಳಿದ ಹೊತ್ತಿಗೆ ಬರುವ, ಒಪ್ಪಿಕೊಂಡದ್ದನ್ನು ನಡೆಸಿಕೊಡುವ, ಸಂಬಂಧದಲ್ಲಿ ಅರ್ಧ ಮನಸ್ಸಿನಿಂದ ತೂಗಾಡದ ವ್ಯಕ್ತಿಯನ್ನೂ ಈಗ ‘ಫೆರ್ಬಿಂಟ್ಲಿಷ್’ ಎನ್ನುತ್ತಾರೆ. ಹರೆಯದವರ ಪ್ರೇಮ ವ್ಯವಹಾರದ ಮಾತುಕತೆಯಲ್ಲಂತೂ ಇದು ದಿನಬಳಕೆಯ ಪದ. ಕಾಯ್ದೆಯ ಅರ್ಥವೇ ಮನುಷ್ಯನ ಮೇಲೆ ಹರಿದು ಬಂದಿದೆ ಎನ್ನಬಹುದು. ಪ್ರಮಾಣಪತ್ರದಲ್ಲಿ ‘ಮಾತುಕತೆಗಳಲ್ಲಿ ಫೆರ್ಬಿಂಟ್ಲಿಷ್ ಮತ್ತು ವಿಶ್ವಾಸಾರ್ಹ’ ಎಂದಿದ್ದಿದ್ದರೆ ನಾನೂ ‘ಡಿಪೆಂಡಬಲ್’ ಎಂದೇ ಬರೆಯುತ್ತಿದ್ದೆ. ಆದ್ದರಿಂದ ನೋಡಬೇಕಾದದ್ದು ಗುಣವಾಚಕವನ್ನಲ್ಲ, ಅದರ ಪಕ್ಕದಲ್ಲಿರುವ ನಾಮಪದವನ್ನು. ನಿಮ್ಮಲ್ಲಿರುವುದು ‘ಆರ್ಟ್’. ಅದು ಇಂಗ್ಲಿಷಿನ ಕಲೆಯಲ್ಲ. ಮನುಷ್ಯ ಇರುವ ಬಗೆ, ಅವನ ರೀತಿ. ಜೊತೆಗೆ ‘ರೂಇಗ್’, ಶಾಂತ, ಎಂಬ ಇನ್ನೊಂದು ಗುಣವಾಚಕವೂ ಇದೆ. ಶಾಂತ ಎಂಬುದರ ಪಕ್ಕದಲ್ಲಿ ಕೂರುವುದು ಸೌಜನ್ಯವೇ, ಕರ್ತವ್ಯನಿಷ್ಠೆಯಲ್ಲ.

ಸ್ನೇಹಿತರು ಹೇಳಿದ ‘ಇಲ್ಲ ಎನ್ನಲಾರದ ಮೆದು ಮನುಷ್ಯ’ ಎಂಬ ಅರ್ಥ ಎಲ್ಲಿಂದ ಬಂತೆಂದು ಯೋಚಿಸಿದೆ. ನನ್ನ ಊಹೆ ಇಷ್ಟು: ಅವರೂ ಕನ್ನಡದವರಾಗಿದ್ದರೆ, ಮನಸ್ಸಿನೊಳಗೇ ಈ ಪದವನ್ನು ‘ದಾಕ್ಷಿಣ್ಯ’ ಎಂದು ಅನುವಾದಿಸಿಕೊಂಡಿರಬೇಕು. ಮೇಲ್ನೋಟಕ್ಕೆ ಅದು ಸೊಗಸಾಗಿಯೇ ಹೊಂದುತ್ತದೆ. ಅಲ್ಲಿಯೂ ಸೌಜನ್ಯವಿದೆ, ಅಲ್ಲಿಯೂ ಕಟ್ಟಿದೆ. ಆದರೆ ದಾಕ್ಷಿಣ್ಯದಲ್ಲಿ ಕಟ್ಟುಬೀಳುವವರು ನಾವು. ಎದುರಿನವರ ಮುಖ ನೋಡಿ, ಬೇಡವೆನ್ನಲಾಗದೆ, ಸಾಲಕ್ಕೆ ಜಾಮೀನು ಹಾಕಿ ಬರುತ್ತೇವೆ. ಫೆರ್ಬಿಂಟ್ಲಿಷ್ ಆದ ಮನುಷ್ಯ ಜಾಮೀನು ಹಾಕುವುದಿಲ್ಲ. ಆದರೆ ಹಾಕುವುದಿಲ್ಲ ಎಂದು ಹೇಳಿದ ಮೇಲೂ ನಮಗೆ ಅವನ ಮೇಲೆ ಬೇಸರ ಹುಟ್ಟುವುದಿಲ್ಲ, ಬಾಗಿಲವರೆಗೂ ಬಂದು ಬೀಳ್ಕೊಡುತ್ತಾನೆ. ‘ಧಾಟಿಯಲ್ಲಿ ಫೆರ್ಬಿಂಟ್ಲಿಷ್, ವಿಷಯದಲ್ಲಿ ಕಠಿಣ’ ಎಂಬ ಮಾತು ರಾಜತಂತ್ರಜ್ಞರ ಬಗ್ಗೆ, ವೇತನ ಮಾತುಕತೆಗೆ ಕೂರುವ ಕಾರ್ಮಿಕ ನಾಯಕರ ಬಗ್ಗೆ ಜರ್ಮನ್‌ನಲ್ಲಿ ರೂಢಿಯಲ್ಲಿದೆ. ಮೆದುತನವೇ ಈ ಪದದ ಅರ್ಥವಾಗಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಇಂಗ್ಲಿಷಿನಲ್ಲಿ ನಿಮಗಿರುವ ದಾರಿಗಳನ್ನು ಈಗ ನೋಡೋಣ. ನಿಘಂಟುಗಳು ನಡವಳಿಕೆಯ ಅರ್ಥಕ್ಕೆ ಕೊಡುವ ಮೊದಲ ಪದ ಸಾಮಾನ್ಯವಾಗಿ ‘ಒಬ್ಲೈಜಿಂಗ್’. ಪದದ ವಂಶಾವಳಿ ನೋಡಿದರೆ ಇದಕ್ಕಿಂತ ಹತ್ತಿರದ್ದು ಬೇರೊಂದಿಲ್ಲ. ಕಟ್ಟು, ಉಪಕಾರ, ಸೌಜನ್ಯ ಮೂರೂ ಅದರಲ್ಲಿವೆ. ಆದರೂ ನಾನು ಇದನ್ನು ಎಂಜಿನಿಯರ್ ಒಬ್ಬರಿಗೆ ಬಳಸಲು ಹಿಂಜರಿಯುತ್ತೇನೆ. ಇಂದಿನ ಇಂಗ್ಲಿಷ್ ಕಿವಿಗೆ ‘ಒಬ್ಲೈಜಿಂಗ್’ ಎಂದರೆ ಹೇಳಿದ ಕೆಲಸ ಮಾಡಿಕೊಡುವವನು, ಹೋಟೆಲಿನ ಮಾಣಿ ಅಥವಾ ಅಂಗಡಿಯ ಹುಡುಗ ಎಂಬ ಛಾಯೆ ಬಂದುಬಿಡುತ್ತದೆ, ಹಳೆಯ ಕಾಲದ ವಾಸನೆಯೂ ಇದೆ. ‘ಅಕಾಮಡೇಟಿಂಗ್’ ಎಂದರೆ ನಿಮ್ಮ ಸ್ನೇಹಿತರ ಅನುಮಾನವನ್ನು ನೀವೇ ನಿಜ ಮಾಡಿದಂತೆ, ಬಿಟ್ಟುಕೊಡುವ ಸ್ವಭಾವ ಎಂದಾಗುತ್ತದೆ. ‘ಅಫೇಬಲ್’ ಎಂಬುದು ಹರಟೆಗೆ ಸಿಗುವ ಹಸನ್ಮುಖಿಗೆ ಸಲ್ಲುತ್ತದೆ; ಮೂಲದಲ್ಲಿರುವ ಔಪಚಾರಿಕತೆ ಅಲ್ಲಿಲ್ಲ. ‘ಗ್ರೇಷಸ್’ ಎಂದರೆ ಮೇಲಿನಿಂದ ಕೆಳಕ್ಕೆ ಇಳಿದು ಬಂದ ದೊಡ್ಡವರ ಕೃಪೆ. ‘ಎಂಗೇಜಿಂಗ್’ ಎಂದರೆ ಸೆಳೆಯುವ ಗುಣ, ವೇದಿಕೆಯ ಮೇಲಿನವರಿಗೆ ಚೆನ್ನ. ಶಾಂತ ಎಂಬುದರ ಜೊತೆ ಅದು ಜಗಳವಾಡುತ್ತದೆ. ‘ಕರ್ಟಿಯಸ್’ ಎಂಬುದರಲ್ಲಿ ಔಪಚಾರಿಕತೆ ಉಳಿಯುತ್ತದೆ, ಸೌಜನ್ಯ ಉಳಿಯುತ್ತದೆ. ಇದಿರಾಗಿ ಬರುವ ಆ ಒಂದು ಹೆಜ್ಜೆ ಮಾತ್ರ ಕಳೆದುಹೋಗುತ್ತದೆ, ಏಕೆಂದರೆ ಕುರ್ಚಿಯಿಂದ ಏಳದೆಯೂ ‘ಕರ್ಟಿಯಸ್’ ಆಗಿರಲು ಬರುತ್ತದೆ.

ಒಂದು ಪದ ಸಾಲದಿದ್ದರೆ ಎರಡನ್ನು ಜೋಡಿಸುವ ಆಸೆಯಾಗುತ್ತದೆ. ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡಲು ಹೊರಟ ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಎದುರಿಸಿದ್ದು ಇದೇ ಸಮಸ್ಯೆಯನ್ನು, ತಿರುಗಿಸಿ ಹಿಡಿದರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ನಿಘಂಟನ್ನು ತೆರೆದರೆ ಒಂದು ಕನ್ನಡ ಪದದ ಎದುರು ಇಂಗ್ಲಿಷ್ ಪದಗಳ ಸಾಲೇ ನಿಂತಿರುವುದು ಕಾಣುತ್ತದೆ. ನಿಘಂಟಿಗೆ ಆ ಸೌಲಭ್ಯವಿದೆ. ಪ್ರಮಾಣಪತ್ರಕ್ಕಿಲ್ಲ. ಮೂಲದಲ್ಲಿ ಎರಡು ಗುಣಗಳಿದ್ದಲ್ಲಿ ನೀವು ಮೂರನ್ನು ಬರೆದರೆ ಹೊಗಳಿಕೆಯ ತೂಕ ಏರುತ್ತದೆ, ಮತ್ತು ಏಣಿಯ ಲೆಕ್ಕ ನಡೆಯುವ ಜಾಗದಲ್ಲಿ ತೂಕ ಏರಿಸುವುದು ಅನುವಾದಕರ ಕೆಲಸವಲ್ಲ. ‘ಕರ್ಟಿಯಸ್ ಅಂಡ್ ಡಿಪೆಂಡಬಲ್’ ಎಂದು ಎರಡೂ ಅರ್ಥಗಳನ್ನು ಒಟ್ಟಿಗೆ ಹಾಕುವ ಜಾಣತನವನ್ನು ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ.

ಮೂಲ ಪದವನ್ನು ಹಾಗೆಯೇ ಉಳಿಸಿ ಚೌಕ ಆವರಣದಲ್ಲಿ ಅನುವಾದಕರ ಟಿಪ್ಪಣಿ ಹಾಕುವ ಪದ್ಧತಿಯೂ ಇದೆ. ಒಪ್ಪಂದ, ಉಯಿಲು, ನ್ಯಾಯಾಲಯದ ಆದೇಶಗಳಲ್ಲಿ ನಾನು ಅದನ್ನು ಧಾರಾಳವಾಗಿ ಬಳಸುತ್ತೇನೆ. ಆದರೆ ಮನುಷ್ಯನ ಸ್ವಭಾವ ಹೇಳುವ ಮಾತಿನ ಪಕ್ಕದಲ್ಲಿ ಟಿಪ್ಪಣಿ ಕಂಡರೆ ಇಲ್ಲೇನೋ ವಿವಾದವಿದೆ ಎಂದು ಓದುವವರಿಗೆ ಅನ್ನಿಸುತ್ತದೆ. ಇಲ್ಲದ ಅನುಮಾನವನ್ನು ನಾವೇ ಬಿತ್ತಿದಂತೆ. ಅರ್ಜಿದಾರರು ತಮ್ಮ ಹಳೆಯ ಕಂಪನಿಯ ಸಿಬ್ಬಂದಿ ವಿಭಾಗವನ್ನೇ ಇಂಗ್ಲಿಷ್ ಪ್ರತಿಗಾಗಿ ಕೇಳಬಹುದು. ಕೊಡುವ ಕಂಪನಿಗಳು ಬೇಕಾದಷ್ಟಿವೆ. ಆದರೆ ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ಬಂದ ಪ್ರತಿಯೂ ಯಂತ್ರಾನುವಾದವೇ ಆಗಿರಬಹುದು.

ನಾನಾಗಿದ್ದರೆ ಗುಣವಾಚಕದೊಡನೆ ಗುದ್ದಾಡುವುದನ್ನು ಬಿಟ್ಟು ನಾಮಪದವನ್ನು ಬಿಡಿಸುತ್ತಿದ್ದೆ. ‘ಮ್ಯಾನರ್’ ಎಂಬ ಒಂದು ಪದದ ಬದಲು ‘ವೇ ವಿತ್ ಪೀಪಲ್’ ಎಂದು ಬರೆದರೆ, ಕಳೆದುಹೋಗಿದ್ದ ಆ ಒಂದು ಹೆಜ್ಜೆ ಅಲ್ಲಿ ತಾನಾಗಿ ಮರಳಿ ಬರುತ್ತದೆ. ಎದುರಿಗೆ ಜನರಿದ್ದಾರೆ ಎಂಬುದು ವಾಕ್ಯದೊಳಕ್ಕೆ ಬರುತ್ತದೆ. ‘ವೀ ವ್ಯಾಲ್ಯೂಡ್ ಹಿಸ್ ಕಾಮ್, ಕರ್ಟಿಯಸ್ ವೇ ವಿತ್ ಪೀಪಲ್.’ ಗುಣಗಳು ಎರಡೇ, ತೂಕ ಅಷ್ಟೇ, ವಿಭಾಗವೂ ತಪ್ಪಿಲ್ಲ. ಇದರ ಅಪಾಯವೆಂದರೆ ಧಾಟಿ ಮೂಲಕ್ಕಿಂತ ಒಂದು ಕೂದಲೆಳೆಯಷ್ಟು ಸಲಿಗೆಯದಾಗುತ್ತದೆ. ಅನುವಾದವನ್ನು ದೃಢೀಕರಿಸಿ ಸರ್ಕಾರಿ ಕಚೇರಿಗೆ ಸಲ್ಲಿಸುವುದಿದ್ದು, ಪದಕ್ಕೆ ಪದ ತಾಳೆ ನೋಡುವವರ ಕೈಗೆ ಹೋಗುವುದಿದ್ದರೆ, ‘ಕಾಮ್ ಅಂಡ್ ಕರ್ಟಿಯಸ್ ಮ್ಯಾನರ್’ ಎಂದು ಕಟ್ಟುನಿಟ್ಟಾಗಿಯೇ ಬರೆದುಬಿಡಿ. ಸ್ವಲ್ಪ ಕಳೆದುಕೊಂಡರೂ ಯಾರೂ ಬೆರಳು ತೋರಿಸುವಂತಿಲ್ಲ. ಕೆನಡಾದ ಕಂಪನಿಯ ಮೇಜಿಗೆ ಹೋಗುವುದಾದರೆ ಮೊದಲನೆಯದು.

ಇದೇ ಪದದ ನಾಮರೂಪ ‘ಫೆರ್ಬಿಂಟ್ಲಿಷ್‌ಕೈಟ್’ ಮುಂದೆ ನಿಮಗೆ ಎದುರಾದೀತು, ಅದರ ಬಗ್ಗೆ ಒಂದು ಮಾತು. ಏಕವಚನದಲ್ಲಿ, ‘ಬಹಳ ಫೆರ್ಬಿಂಟ್ಲಿಷ್‌ಕೈಟ್‌ನಿಂದ ಮಾತನಾಡಿಸಿದರು’ ಎಂಬಂಥ ವಾಕ್ಯದಲ್ಲಿ ಅದು ಸೌಜನ್ಯವಾಗಿರಬಹುದು. ಬಹುವಚನದಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ಕೊಡಬೇಕಾದ ಬಾಕಿ. ಜರ್ಮನ್ ಕಂಪನಿಗಳ ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯ ಬದಿಯ ಒಂದು ತಲೆಬರಹವೇ ಅದು. ಒಬ್ಬ ವ್ಯಾಪಾರಿಗೆ ‘ದೊಡ್ಡ ಫೆರ್ಬಿಂಟ್ಲಿಷ್‌ಕೈಟೆನ್’ ಇವೆ ಎಂದು ಓದಿ ಅವರ ಸೌಜನ್ಯವನ್ನು ಕೊಂಡಾಡಲು ಹೋಗಬೇಡಿ.

ಅರ್ಜಿಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಈ ಪದದಿಂದಂತೂ ಆಗುವುದಿಲ್ಲ. ಆದರೆ ಪ್ರಮಾಣಪತ್ರದ ಕೊನೆಯ ಪ್ಯಾರಾವನ್ನು ನೀವು ಕಳುಹಿಸಿಲ್ಲ. ಅವರು ಹೊರಟದ್ದಕ್ಕೆ ವಿಷಾದ, ಮಾಡಿದ ಕೆಲಸಕ್ಕೆ ಧನ್ಯವಾದ, ಮುಂದಿನ ದಿನಗಳಿಗೆ ಹಾರೈಕೆ ಎಂಬ ಮೂರೂ ಅಲ್ಲಿವೆಯೇ ಎಂದು ನೋಡಿ. ಅವುಗಳನ್ನು ಬರೆಯಲೇಬೇಕೆಂದು ಒತ್ತಾಯಿಸುವ ಹಕ್ಕು ನೌಕರನಿಗಿಲ್ಲ ಎಂದು ಅದೇ ನ್ಯಾಯಾಲಯ 2012ರಲ್ಲಿಯೂ 2022ರಲ್ಲಿಯೂ ಹೇಳಿದೆ. ಕಂಪನಿ ತಾನಾಗಿ ಬರೆದದ್ದಾದ್ದರಿಂದಲೇ ಓದುವವರು ಅಲ್ಲಿಗೆ ಬೇಗ ಕಣ್ಣು ಹಾಯಿಸುತ್ತಾರೆ. ಆ ಮೂರರಲ್ಲಿ ಯಾವುದಿದ್ದರೂ ಅದನ್ನು ಒಂದು ಪದವನ್ನೂ ಬಿಡದೆ, ಒಂದು ಪದವನ್ನೂ ಸೇರಿಸದೆ ಇಂಗ್ಲಿಷಿಗೆ ತನ್ನಿ. ಇಲ್ಲದಿದ್ದರೆ, ವಾಡಿಕೆಯ ಮಾತೇ ಅಲ್ಲವೇ ಎಂದು ನೀವಾಗಿ ಬರೆದು ಸೇರಿಸಬೇಡಿ. ಆ ಎಂಜಿನಿಯರ್ ಎಷ್ಟೇ ಫೆರ್ಬಿಂಟ್ಲಿಷ್ ಆಗಿ ಕೇಳಿಕೊಂಡರೂ.